ಗಸಗಸೆ ಕಾಯಿಯ ಹಾಲು

ಹಬ್ಬದ ದಿನ ನಿಮ್ಮ ಮನೆಗಳಲ್ಲಿ ಗಸಗಸೆ ಪಾಯಸ ಮಾಡುವುದುಂಟು. ಗಸಗಸೆಯನ್ನು ಹದವಾಗಿ ಹುರಿದು, ತೆಂಗಿನ ತುರಿಯೊಡನೆ ನುಣ್ಣಗೆ ಅರೆದು, ಬೆಲ್ಲ ಬೆರೆಸಿ ಕುದಿಸಿದ ಆ ಪಾಯಸವನ್ನು ಉಂಡವರಿಗೆ ಮಧ್ಯಾಹ್ನ ಸೊಗಸಾದ ನಿದ್ದೆ ಬರುತ್ತದೆಂದು ಹಿರಿಯರು ನಗುತ್ತ ಹೇಳುವುದನ್ನು ನೀವೂ ಕೇಳಿರುತ್ತೀರಿ. ಆ ಪುಟ್ಟ ಬಿಳಿಯ ಬೀಜವನ್ನು ಕೊಡುವ ಗಿಡವೇ ಅಫೀಮಿನ ಗಿಡ ಎಂಬುದು ಮಾತ್ರ ಎಲ್ಲರಿಗೂ ತಿಳಿದಿರಲಾರದು. ಬೀಜದಲ್ಲಿ ಮಾದಕ ಅಂಶ ಲೇಶಮಾತ್ರ. ಕಾಯಿ ಇನ್ನೂ ಹಸಿರಾಗಿರುವಾಗ ಅದರ ಮೈಗೆ ಸಣ್ಣ ಗೀರು ಹಾಕಿದರೆ ಬಿಳಿಯ ಹಾಲು ಒಸರುತ್ತದೆ. ಅದು ಗಾಳಿಗೆ ಒಣಗಿ ಕಂದು ಬಣ್ಣದ ಅಂಟಾಗುತ್ತದೆ. ಅದೇ ಅಫೀಮು. ಕೊಲ್ಲಿಯ ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾಗಳಲ್ಲಿ ಗಸಗಸೆ ಬೀಜಕ್ಕೂ ನಿಷೇಧವಿದೆ. ಅಲ್ಲಿಗೆ ಹೊರಟ ಮಗನ ಪೆಟ್ಟಿಗೆಯಲ್ಲಿ ತಾಯಿ ಅಕ್ಕರೆಯಿಂದ ಇಟ್ಟ ಪೊಟ್ಟಣವೊಂದು ಅವನನ್ನು ಸೆರೆಮನೆಗೆ ಕಳುಹಿಸಬಲ್ಲದು.

ಈ ಗಿಡದ ಕಥೆಯನ್ನು ನಾನು ಕೇಳಿ ತಿಳಿಯತೊಡಗಿದ್ದು ಒಂದು ಮರಣದ ನಂತರ. ಕೆಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರದಲ್ಲಿ ಬಾಯಿಯ ಕ್ಯಾನ್ಸರಿನಿಂದ ನರಳುತ್ತಿದ್ದ ಹಿರಿಯರೊಬ್ಬರಿಗೆ ಅಭ್ಯಂಗ ಸಂಸ್ಕಾರವನ್ನು ನೀಡಲು ಹೋಗಿದ್ದೆ. ವೈದ್ಯರು ಮಾರ್ಫಿನ್ ಗುಳಿಗೆಗಳನ್ನು ಬರೆದುಕೊಟ್ಟಿದ್ದರು. ಗುಳಿಗೆಯ ಪೊಟ್ಟಣ ಬೀರುವಿನ ಮೇಲೆ ಹಾಗೆಯೇ ಇತ್ತು. ಮಗ ನನ್ನನ್ನು ಪಡಸಾಲೆಗೆ ಕರೆದು ಕೇಳಿದ: "ಸ್ವಾಮಿ, ಇದು ಅಫೀಮಿನ ಗುಳಿಗೆಯಂತೆ. ಕೊಟ್ಟರೆ ಅಪ್ಪನಿಗೆ ಚಟ ಹತ್ತುವುದಿಲ್ಲವೇ? ಜೀವ ಬೇಗ ಹೋದರೆ ನಮಗೆ ಪಾಪ ಬರುವುದಿಲ್ಲವೇ?" ಗುರುಮಠದಲ್ಲಿ ನೈತಿಕ ದೈವಶಾಸ್ತ್ರವನ್ನು ಓದಿದ್ದ ನನಗೆ ಇದಕ್ಕೆ ಉತ್ತರ ಗೊತ್ತಿರಬೇಕಿತ್ತು. ಆದರೆ ನಾನು, ದೇವರ ಚಿತ್ತಕ್ಕೆ ಒಪ್ಪಿಸೋಣ, ಎಂದು ಹೇಳಿ ಒಳಗೆ ಹೋಗಿ, ಆ ಹಿರಿಯರಿಗೆ ನೋವನ್ನು ಕ್ರಿಸ್ತರ ನೋವಿನೊಡನೆ ಸೇರಿಸಿ ಅರ್ಪಿಸುವಂತೆ ಉಪದೇಶಿಸಿದೆ. ಅವರು ನನ್ನ ಕೈಯನ್ನು ಬಲವಾಗಿ ಹಿಡಿದುಕೊಂಡಿದ್ದರು. ಪ್ರಾರ್ಥನೆಗೆ ದನಿಗೂಡಿಸಲು ಅವರಿಂದ ಆಗಲಿಲ್ಲ. ಹನ್ನೊಂದು ದಿನಗಳ ನಂತರ ತೀರಿಕೊಂಡರು. ಸಮಾಧಿಯ ಸಂಸ್ಕಾರ ಮುಗಿಸಿ ಆ ಮನೆಗೆ ಹೋದಾಗ ಪೊಟ್ಟಣ ಇನ್ನೂ ಬೀರುವಿನ ಮೇಲೆಯೇ ಇತ್ತು.

ಅದೇ ವರ್ಷ, ಅದೇ ಊರಿನಲ್ಲಿ, ಸೊಂಟನೋವಿಗೆಂದು ತೆಗೆದುಕೊಂಡ ಟ್ರಮಡಾಲ್ ಮಾತ್ರೆಯನ್ನು ಎರಡು ವರ್ಷವಾದರೂ ಬಿಡಲಾಗದೆ ಒದ್ದಾಡುತ್ತಿದ್ದ ಯುವಕನೊಬ್ಬನ ತಾಯಿ ನನ್ನ ಬಳಿ ಬಂದು ಅತ್ತರು. ಒಂದು ಮನೆಯಲ್ಲಿ ಬೇಕಾದ ಮದ್ದನ್ನು ಹೆದರಿ ಕೊಡಲಿಲ್ಲ. ಇನ್ನೊಂದು ಮನೆಯಲ್ಲಿ ಹೆದರಬೇಕಾದ ಮದ್ದಿಗೆ ಹೆದರಲಿಲ್ಲ. ಎರಡೂ ಒಂದೇ ಕುಲದ ಔಷಧಗಳು. ಈ ಕುಲದ ಬಗೆಗೆ ನಾನು ಕೇಳಿ ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಫೀಮಿನಿಂದ ಮಾರ್ಫಿನ್

ಅಫೀಮು ನೋವನ್ನು ಕಳೆಯುತ್ತದೆ, ನಿದ್ದೆ ತರುತ್ತದೆ, ಭೇದಿಯನ್ನು ನಿಲ್ಲಿಸುತ್ತದೆ ಎಂಬುದು ಮನುಷ್ಯನಿಗೆ ಸಾವಿರಾರು ವರ್ಷಗಳಿಂದ ತಿಳಿದಿತ್ತು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡನ್‌ಹ್ಯಾಮ್ ಅದನ್ನು ಮದ್ಯದಲ್ಲಿ ಕರಗಿಸಿದ ಲಾಡನಮ್ ಎಂಬ ದ್ರವವನ್ನು ಬಳಕೆಗೆ ತಂದು ಪ್ರಸಿದ್ಧನಾದ. ಆದರೆ ಒಂದು ದೊಡ್ಡ ತೊಡಕಿತ್ತು. ಒಂದು ಹೊಲದ ಅಫೀಮಿನ ಸತ್ವ ಇನ್ನೊಂದು ಹೊಲದ ಅಫೀಮಿಗೆ ಸಮನಾಗಿರುತ್ತಿರಲಿಲ್ಲ. ಒಬ್ಬನಿಗೆ ಅದೇ ಹನಿಗಳು ಸಾಲದಾಗುತ್ತಿದ್ದವು, ಮತ್ತೊಬ್ಬನಿಗೆ ಅವೇ ಪ್ರಾಣಾಂತಕವಾಗುತ್ತಿದ್ದವು.

ಈ ತೊಡಕನ್ನು ಬಿಡಿಸಿದವನು ಜರ್ಮನಿಯ ಪಾಡರ್‌ಬಾರ್ನ್ ಊರಿನ ಔಷಧದಂಗಡಿಯೊಂದರಲ್ಲಿ ಸಹಾಯಕನಾಗಿದ್ದ ಫ್ರೀಡ್ರಿಶ್ ಜೆರ್ಟ್ಯೂರ್ನರ್. 1804ರ ಸುಮಾರಿಗೆ, ಇಪ್ಪತ್ತೊಂದರ ಹರೆಯದಲ್ಲಿ, ಅವನು ಅಫೀಮಿನಿಂದ ಅದರ ಮುಖ್ಯ ಸತ್ವವನ್ನು ಹರಳುಗಳಾಗಿ ಬೇರ್ಪಡಿಸಿದ. ವಿದ್ವಾಂಸರು ಮೊದಲು ಅವನನ್ನು ಲೆಕ್ಕಿಸಲಿಲ್ಲ. ತನ್ನ ಮೇಲೂ ಹದಿಹರೆಯದ ಮೂವರು ಹುಡುಗರ ಮೇಲೂ ಅದನ್ನು ಪರೀಕ್ಷಿಸಿ, ನಾಲ್ವರೂ ವಿಷವೇರಿ ಕಷ್ಟಪಟ್ಟ ವಿವರವನ್ನು 1817ರಲ್ಲಿ ಪ್ರಕಟಿಸಿದ ಮೇಲೆ ಲೋಕ ಅವನತ್ತ ತಿರುಗಿತು. ಗ್ರೀಕರ ಕನಸಿನ ದೇವತೆ ಮಾರ್ಫಿಯಸನ ಹೆಸರಿನಿಂದ ಅವನು ಆ ಸತ್ವಕ್ಕೆ ಹೆಸರಿಟ್ಟ. ನಾವು ಇಂದು ಮಾರ್ಫಿನ್ ಎನ್ನುವುದು ಅದನ್ನೇ. ಸಸ್ಯವೊಂದರ ಔಷಧಗುಣವನ್ನು ಶುದ್ಧ ರೂಪದಲ್ಲಿ ತೂಗಿ ಕೊಡಲು ಸಾಧ್ಯವಾದದ್ದು ವೈದ್ಯಶಾಸ್ತ್ರದಲ್ಲಿ ಹೊಸ ಯುಗವನ್ನೇ ತೆರೆಯಿತು. 1827ರಿಂದ ಜರ್ಮನಿಯ ಮೆರ್ಕ್ ಸಂಸ್ಥೆ ಅದನ್ನು ಮಾರಾಟಕ್ಕಾಗಿ ತಯಾರಿಸತೊಡಗಿತು. 1850ರ ದಶಕದಲ್ಲಿ ಚುಚ್ಚುಮದ್ದಿನ ಸೂಜಿ ಬಂದಾಗ ಮಾರ್ಫಿನ್ ನೇರವಾಗಿ ಮೈಗೆ ಸೇರುವ ದಾರಿಯೂ ತೆರೆಯಿತು. ಸೂಜಿಯ ಮೂಲಕ ಕೊಟ್ಟರೆ ಚಟ ಹತ್ತುವುದಿಲ್ಲವೆಂದು ಅಂದಿನ ಹಲವು ವೈದ್ಯರು ನಂಬಿದ್ದರು. ಆ ನಂಬಿಕೆ ಸುಳ್ಳಾಯಿತು.

ಇದೇ ಹಾಲಿನಿಂದ 1832ರಲ್ಲಿ ಫ್ರಾನ್ಸಿನ ಪಿಯರ್ ರೊಬಿಕೆ ಎರಡನೆಯ ಸತ್ವವನ್ನು ಬೇರ್ಪಡಿಸಿದ. ಗಸಗಸೆ ಕಾಯಿಗಿದ್ದ ಗ್ರೀಕ್ ಹೆಸರಿನಿಂದ ಅದಕ್ಕೆ ಕೋಡೀನ್ ಎಂಬ ಹೆಸರು ಬಂತು. ಬಾಯಿಯ ಮೂಲಕ ಕೊಟ್ಟಾಗ ಅದರ ಶಕ್ತಿ ಮಾರ್ಫಿನ್ನಿನ ಸುಮಾರು ಹತ್ತರಲ್ಲಿ ಒಂದು ಪಾಲು. ಆದ್ದರಿಂದ ಅದು ಸಾಧಾರಣ ನೋವಿಗೂ ಕೆಮ್ಮಿಗೂ ಮದ್ದಾಯಿತು. ಕೋಡೀನ್ ತಾನಾಗಿ ಹೆಚ್ಚೇನೂ ಮಾಡುವುದಿಲ್ಲ. ನಮ್ಮ ಯಕೃತ್ತು ಅದರ ಒಂದಂಶವನ್ನು ಮಾರ್ಫಿನ್ನಾಗಿ ಮಾರ್ಪಡಿಸುತ್ತದೆ. ನೋವು ಶಮನವಾಗುವುದು ಆಗಲೇ. ಈ ಮಾರ್ಪಾಡು ಹುಟ್ಟಿನಿಂದಲೇ ಕೆಲವರಲ್ಲಿ ನಡೆಯುವುದಿಲ್ಲ, ಕೆಲವರಲ್ಲಿ ಅತಿ ವೇಗವಾಗಿ ನಡೆಯುತ್ತದೆ. ಮೊದಲಿನವರಿಗೆ ಆ ಮಾತ್ರೆ ನಿಷ್ಪ್ರಯೋಜಕ, ಎರಡನೆಯವರಿಗೆ ಅಪಾಯಕರ. ಇದೇ ಕಾರಣಕ್ಕಾಗಿ 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, 12 ವರ್ಷದೊಳಗಿನ ಮಕ್ಕಳಿಗೆ ನೋವಿಗಾಗಲಿ ಕೆಮ್ಮಿಗಾಗಲಿ ಕೋಡೀನ್ ಕೊಡಬಾರದೆಂದೂ, ಎದೆಹಾಲುಣಿಸುವ ತಾಯಂದಿರಿಗೆ ಅದು ಸಲ್ಲದೆಂದೂ ಎಚ್ಚರಿಸಿತು.

ಪ್ರಯೋಗಶಾಲೆಯಲ್ಲಿ ಹುಟ್ಟಿದವು

ಚಟ ಹಿಡಿಸದ ಮಾರ್ಫಿನ್ ಬೇಕೆಂಬ ಆಸೆ 19ನೆಯ ಶತಮಾನದ ಕೊನೆಗೆ ಬಲವಾಯಿತು. ಲಂಡನ್ನಿನಲ್ಲಿ 1874ರಲ್ಲಿ ರಸಾಯನಶಾಸ್ತ್ರಜ್ಞ ಆಲ್ಡರ್ ರೈಟ್ ಮಾರ್ಫಿನ್ನಿನಿಂದ ಹೊಸ ಪದಾರ್ಥವೊಂದನ್ನು ತಯಾರಿಸಿ ಬದಿಗಿಟ್ಟಿದ್ದ. ಜರ್ಮನಿಯ ಬೇಯರ್ ಸಂಸ್ಥೆಯ ಫೆಲಿಕ್ಸ್ ಹಾಫ್‌ಮನ್ 1897ರ ಆಗಸ್ಟ್ ತಿಂಗಳಲ್ಲಿ ಅದನ್ನು ಮತ್ತೆ ತಯಾರಿಸಿದ. ಅದೇ ತಿಂಗಳು, ಅದೇ ಮನುಷ್ಯ, ನಮಗೆಲ್ಲ ಪರಿಚಿತವಾದ ಆಸ್ಪಿರಿನ್ನನ್ನೂ ತಯಾರಿಸಿದ್ದ. ಮರುವರ್ಷ ಬೇಯರ್ ಆ ಪದಾರ್ಥವನ್ನು ಕೆಮ್ಮಿನ ಮದ್ದಾಗಿ ಮಾರುಕಟ್ಟೆಗೆ ಬಿಟ್ಟಿತು. ಇಟ್ಟ ಹೆಸರು ಹೆರಾಯಿನ್. ಅದು ಮಾರ್ಫಿನ್ನಿಗಿಂತ ಬೇಗ ಮಿದುಳನ್ನು ತಲುಪಿ ಅಲ್ಲಿ ಮತ್ತೆ ಮಾರ್ಫಿನ್ನಾಗುತ್ತದೆಂಬುದೂ, ಆ ವೇಗವೇ ಅದರ ಸೆಳೆತಕ್ಕೆ ಕಾರಣವೆಂಬುದೂ ಆಗ ಅರಿವಾಗಿರಲಿಲ್ಲ. 1913ರಲ್ಲಿ ಬೇಯರ್ ತಯಾರಿಕೆಯನ್ನು ನಿಲ್ಲಿಸಿತು. 1924ರಲ್ಲಿ ಅಮೆರಿಕ ಅದನ್ನು ನಿಷೇಧಿಸಿತು.

ಗಸಗಸೆ ಹಾಲಿನ ಮೂರನೆಯ ಸತ್ವ ಥಿಬೈನ್. ಅದು ತಾನೇ ನೋವುನಿವಾರಕವಲ್ಲ. ಅದನ್ನು ಕಚ್ಚಾವಸ್ತುವಾಗಿ ಬಳಸಿ 1916ರಲ್ಲಿ ಫ್ರಾಂಕ್‌ಫರ್ಟ್ ವಿಶ್ವವಿದ್ಯಾನಿಲಯದಲ್ಲಿ ಆಕ್ಸಿಕೋಡೋನನ್ನು ತಯಾರಿಸಿದರು. ಬಾಯಿಯ ಮೂಲಕ ಅದು ಮಾರ್ಫಿನ್ನಿಗಿಂತ ಸುಮಾರು ಒಂದೂವರೆ ಪಟ್ಟು ಪ್ರಬಲ. ಇದಕ್ಕೆ ಹತ್ತಿರದ ಹೈಡ್ರೋಕೋಡೋನ್ ಅಮೆರಿಕದಲ್ಲಿ ಪ್ಯಾರಸಿಟಮಾಲಿನೊಡನೆ ಬೆರೆತ ಮಾತ್ರೆಯಾಗಿ ಮನೆಮಾತಾಯಿತು.

ಮುಂದೆ ಗಸಗಸೆಯ ನೆರವೇ ಇಲ್ಲದೆ ತಯಾರಾದ ಮದ್ದುಗಳು ಬಂದವು. 1930ರ ದಶಕದ ಕೊನೆಗೆ ಜರ್ಮನಿಯಲ್ಲಿ ಪೆಥಿಡಿನ್ ಮತ್ತು ಮೆಥಡೋನ್ ಹುಟ್ಟಿದವು. ಪೆಥಿಡಿನ್ ಬಹುಕಾಲ ಹೆರಿಗೆಯ ಕೋಣೆಗಳ ಮದ್ದಾಗಿತ್ತು. ದೇಹದಲ್ಲಿ ಅದು ಬಿಟ್ಟುಹೋಗುವ ಶೇಷ ಕೂಡಿಕೊಂಡರೆ ಸೆಳವು ಬರಿಸಬಲ್ಲದಾದ್ದರಿಂದ ದೀರ್ಘಕಾಲದ ನೋವಿಗೆ ಅದು ಒಗ್ಗುವುದಿಲ್ಲ. ಮೆಥಡೋನ್ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಆದ್ದರಿಂದಲೇ ಹೆರಾಯಿನ್ ಚಟದಿಂದ ಬಿಡಿಸುವ ಚಿಕಿತ್ಸೆಗೂ ಅದು ನೆರವಾಗುತ್ತದೆ.

1960ರಲ್ಲಿ ಬೆಲ್ಜಿಯಮ್ಮಿನ ಪೌಲ್ ಯಾನ್ಸೆನ್ ಫೆಂಟನಿಲ್ ತಯಾರಿಸಿದರು. ಮಾರ್ಫಿನ್ನಿಗಿಂತ 50ರಿಂದ 100 ಪಟ್ಟು ಪ್ರಬಲವಾದ ಇದನ್ನು ಮಿಲಿಗ್ರಾಮಿನಲ್ಲಿ ಅಲ್ಲ, ಮೈಕ್ರೋಗ್ರಾಮಿನಲ್ಲಿ ಅಳೆಯುತ್ತಾರೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಇದು ದಿನನಿತ್ಯದ ಮದ್ದು. ನುಂಗಲಾಗದ ಕ್ಯಾನ್ಸರ್ ರೋಗಿಗೆ ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದಲ್ಲಿ ಮೂರು ದಿನಗಳವರೆಗೆ ನಿಧಾನವಾಗಿ ಒಳಗಿಳಿಯುತ್ತದೆ. ಮೂತ್ರಪಿಂಡ ಸೋತವರಲ್ಲಿ ಮಾರ್ಫಿನ್ನಿನ ಶೇಷಗಳು ಒಳಗೇ ಕೂಡಿಕೊಳ್ಳುವುದರಿಂದ ಅಂಥವರಿಗೆ ವೈದ್ಯರು ಫೆಂಟನಿಲ್‌ನಂಥ ಬೇರೆ ಮದ್ದನ್ನು ಆರಿಸುವುದುಂಟು.

ನಮ್ಮ ಊರುಗಳ ಔಷಧದಂಗಡಿಗಳಲ್ಲಿ ಹೆಚ್ಚು ಪರಿಚಿತವಾದ ಟ್ರಮಡಾಲ್ ಪಶ್ಚಿಮ ಜರ್ಮನಿಯಲ್ಲಿ 1977ರಲ್ಲಿ ಮಾರಾಟಕ್ಕೆ ಬಂತು. ಇದು ಎರಡು ದಾರಿಗಳಿಂದ ಕೆಲಸಮಾಡುತ್ತದೆ. ಒಂದು, ಅಫೀಮಿನ ದಾರಿ, ಅದೂ ಮೆಲುವಾಗಿ. ಇನ್ನೊಂದು, ಖಿನ್ನತೆಯ ಮದ್ದುಗಳು ಹಿಡಿಯುವ ದಾರಿ. ಹೀಗಾಗಿ ಖಿನ್ನತೆಗೆ ಮಾತ್ರೆ ಸೇವಿಸುವವರೂ ಮೂರ್ಛೆರೋಗ ಇರುವವರೂ ಇದನ್ನು ವೈದ್ಯರಿಗೆ ತಿಳಿಸದೆ ನುಂಗಬಾರದು. ಮೆಲುವಾದ ಮದ್ದೆಂಬ ಹೆಸರಿನಿಂದ ಇದು ಬಹುಕಾಲ ಸಡಿಲವಾಗಿ ಕೈಸೇರುತ್ತಿತ್ತು. ಭಾರತ ಸರ್ಕಾರ 2018ರ ಏಪ್ರಿಲ್‌ನಲ್ಲಿ ಇದನ್ನು ಮಾದಕದ್ರವ್ಯ ಕಾಯಿದೆಯ ವ್ಯಾಪ್ತಿಗೆ ತಂದಿತು.

ಇಷ್ಟೊಂದು ಹೆಸರುಗಳಿದ್ದರೂ ಇವೆಲ್ಲ ತಟ್ಟುವ ಬಾಗಿಲು ಒಂದೇ. 1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ಮಿದುಳಿನ ಕೋಶಗಳ ಮೇಲೆ ಈ ಮದ್ದುಗಳು ಬೀಗಕ್ಕೆ ಕೀಲಿಕೈಯಂತೆ ಹೊಂದಿಕೊಳ್ಳುವ ತಾಣಗಳಿರುವುದನ್ನು ತೋರಿಸಿಕೊಟ್ಟರು. ಎರಡು ವರ್ಷಗಳ ನಂತರ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್‌ಲಿಟ್ಸ್, ಅದೇ ಬೀಗವನ್ನು ತೆರೆಯುವ ಕೀಲಿಕೈಗಳನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆಂದು ಕಂಡುಹಿಡಿದರು. ನೋವನ್ನು ತಗ್ಗಿಸುವ ಏರ್ಪಾಡನ್ನು ಸೃಷ್ಟಿಕರ್ತನು ನಮ್ಮೊಳಗೇ ಇಟ್ಟಿದ್ದಾನೆಂಬುದು ಧ್ಯಾನಕ್ಕೆ ತಕ್ಕ ವಿಷಯ. ಆ ಬೀಗ ತೆರೆದಾಗ ನೋವು ಇಳಿಯುತ್ತದೆ. ಜೊತೆಗೆ ಕರುಳು ಮಂದವಾಗುತ್ತದೆ, ನಿದ್ದೆ ಆವರಿಸುತ್ತದೆ, ಮಿತಿ ಮೀರಿದರೆ ಉಸಿರಾಟ ನಿಧಾನವಾಗಿ ನಿಂತೇಹೋಗಬಹುದು. ಈ ಗುಣಗಳು ಎಲ್ಲ ಮದ್ದುಗಳಿಗೂ ಸಮಾನ. ಭೇದವಿರುವುದು ಬಲದಲ್ಲಿ, ಏರುವ ವೇಗದಲ್ಲಿ, ಉಳಿಯುವ ಅವಧಿಯಲ್ಲಿ, ಯಾವ ಅಂಗ ಅದನ್ನು ಅರಗಿಸಿ ಹೊರಹಾಕುತ್ತದೆ ಎಂಬುದರಲ್ಲಿ.

ನೋವನ್ನು ಸಹಿಸಲೇಬೇಕೇ?

ಆ ಮಗ ನನ್ನನ್ನು ಕೇಳಿದ ಪ್ರಶ್ನೆಯನ್ನೇ ವೈದ್ಯರು ಜಗದ್ಗುರು ಹನ್ನೆರಡನೆಯ ಪಿಯುಸರ ಮುಂದೆ ಇಟ್ಟಿದ್ದರು. 1957ರ ಫೆಬ್ರವರಿ 24ರಂದು ಜಗದ್ಗುರುಗಳು ಅರಿವಳಿಕೆ ವೈದ್ಯರಿಗೆ ವಿವರವಾದ ಉತ್ತರ ಕೊಟ್ಟರು. ಸ್ವಇಚ್ಛೆಯಿಂದ ನೋವನ್ನು ಅರ್ಪಿಸುವುದು ಶ್ರೇಷ್ಠವಾದರೂ ಯಾವ ಕ್ರೈಸ್ತನಿಗೂ ಅದು ಕಡ್ಡಾಯವಲ್ಲ. ಬೇರೆ ಉಪಾಯವಿಲ್ಲದಿದ್ದಲ್ಲಿ, ಸಾಯುವವನ ನೋವನ್ನು ಕಳೆಯಲು ಇಂಥ ಮದ್ದನ್ನು ಕೊಡಬಹುದು. ಅದರಿಂದ ಆಯುಸ್ಸು ಕುಗ್ಗಬಹುದೆಂಬ ಶಂಕೆಯಿದ್ದರೂ, ಉದ್ದೇಶ ನೋವು ಶಮನವೇ ಆಗಿದ್ದು ಮರಣವಲ್ಲದಿದ್ದರೆ ಅದು ಕೊಲೆಯಲ್ಲ. ರೋಗಿ ತನ್ನ ಕುಟುಂಬದ, ಆತ್ಮದ ಕರ್ತವ್ಯಗಳನ್ನು ಪೂರೈಸಲು ಅವಕಾಶವಿರಬೇಕು. ತಕ್ಕ ಕಾರಣವಿಲ್ಲದೆ ಅವನ ಪ್ರಜ್ಞೆಯನ್ನು ಕಳೆಯಬಾರದು. ಜಗದ್ಗುರುಗಳ ಬೋಧನೆಯ ಸಾರ ಇದು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ, 1995ರಲ್ಲಿ ಸಂತ ಎರಡನೆಯ ಜಾನ್ ಪೌಲರು ಜೀವದ ಪಾವಿತ್ರ್ಯ ಕುರಿತು ಬರೆದ ವಿಶ್ವಪತ್ರವೂ ಇದನ್ನೇ ಎತ್ತಿಹಿಡಿದವು. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಮರಣವನ್ನು ತ್ವರೆಗೊಳಿಸುವುದಿಲ್ಲವೆಂದು ಅನಂತರದ ವೈದ್ಯಕೀಯ ಅನುಭವ ತೋರಿಸಿದೆ.

ಶಿಲುಬೆಯ ಬಳಿ ಯೇಸುಸ್ವಾಮಿ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಸ್ವೀಕರಿಸಲಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಮಾರ್ಕನ ಶುಭಸಂದೇಶದಲ್ಲಿ ಹಾಗಿರುವುದು ನಿಜ. ಅದು ಅವರು ತಮಗಾಗಿ ಮಾಡಿದ ಆಯ್ಕೆ. ತಮ್ಮ ಬಳಿ ನರಳುತ್ತ ಬಂದವರಲ್ಲಿ ಯಾರಿಗೂ ಅವರು, ಸಹಿಸಿಕೊ, ಎಂದು ಹೇಳಿ ಕಳುಹಿಸಲಿಲ್ಲ. ಅವರೇ ಹೇಳಿದ ಸಾಮತಿಯು ದಾರಿಯಲ್ಲಿ ಬಿದ್ದವನ ಗಾಯಕ್ಕೆ ಮೊದಲು ಎಣ್ಣೆ, ದ್ರಾಕ್ಷಾರಸಗಳನ್ನು ಸುರಿದ.

ಈ ಬೋಧನೆಗೆ ಕೈಕಾಲು ಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ದಾದಿಯಾಗಿ, ಆಸ್ಪತ್ರೆಯ ಸಮಾಜಸೇವಕಿಯಾಗಿ ದುಡಿದ ಮೇಲೆ, ಸಾಯುವವರ ನೋವಿಗೆ ಮದ್ದು ಹುಡುಕಲೆಂದೇ ವೈದ್ಯಶಾಸ್ತ್ರ ಓದಿ 1957ರಲ್ಲಿ ವೈದ್ಯೆಯಾದರು. ಮರುವರ್ಷ ಲಂಡನ್ನಿನ ಬಡವರ ಬಡಾವಣೆಯಾದ ಹ್ಯಾಕ್ನಿಯಲ್ಲಿ ಐರಿಷ್ ಧರ್ಮಭಗಿನಿಯರು ನಡೆಸುತ್ತಿದ್ದ ಸಂತ ಜೋಸೆಫರ ಆರೈಕೆಮನೆಗೆ ಬಂದರು. ಅಂದಿನ ಆಸ್ಪತ್ರೆಗಳಲ್ಲಿ ರೋಗಿ ನೋವು ತಾಳಲಾರದೆ ಕೂಗಿದಾಗ ಮಾತ್ರ ಚುಚ್ಚುಮದ್ದು ಸಿಗುತ್ತಿತ್ತು. ಸಾಂಡರ್ಸ್ ಗಡಿಯಾರ ನೋಡಿ, ನೋವು ಮರಳುವ ಮೊದಲೇ, ಬಾಯಿಯ ಮೂಲಕ ಮದ್ದು ಕೊಡುವ ಕ್ರಮವನ್ನು ತಂದರು. ರೋಗಿಗಳು ಮಂಪರಿನಲ್ಲಿ ಮುಳುಗಲಿಲ್ಲ. ಎದ್ದು ಕುಳಿತು ಮನೆಯವರೊಡನೆ ಮಾತಾಡಿದರು. ದೇಹದ ನೋವಿನೊಡನೆ ಮನಸ್ಸಿನ, ಕುಟುಂಬದ, ಆತ್ಮದ ನೋವೂ ಹೆಣೆದುಕೊಂಡಿರುತ್ತದೆ, ಅದನ್ನು ಒಟ್ಟಾಗಿ ಕಾಣಬೇಕು ಎಂಬುದು ಅವರ ದರ್ಶನ. 1967ರಲ್ಲಿ ಅವರು ಸ್ಥಾಪಿಸಿದ ಸಂತ ಕ್ರಿಸ್ಟೋಫರರ ಆರೈಕೆಮನೆ ಜಗತ್ತಿಗೇ ಮಾದರಿಯಾಯಿತು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲುಗಳ ಕ್ರಮವೊಂದನ್ನು ಪ್ರಕಟಿಸಿತು. ಮೊದಲು ಪ್ಯಾರಸಿಟಮಾಲಿನಂಥ ಸಾಮಾನ್ಯ ಮದ್ದು, ಸಾಲದಿದ್ದರೆ ಕೋಡೀನಿನಂಥ ಮೆಲುವಾದ ಮದ್ದು, ಅದೂ ಸಾಲದಿದ್ದರೆ ಮಾರ್ಫಿನ್.

ಎರಡು ದೇಶ, ಎರಡು ತಪ್ಪು

ಮರಣಶಯ್ಯೆಯಲ್ಲಿರುವವರ ವಿಷಯದಲ್ಲಿ ಕಲಿತ ಈ ಪಾಠವನ್ನು ಅಮೆರಿಕದಲ್ಲಿ ಬೆನ್ನುನೋವು, ಮಂಡಿನೋವುಗಳಿಗೂ ಎಳೆದು ತಂದರು. 1980ರಲ್ಲಿ ಅಲ್ಲಿಯ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಐದೇ ವಾಕ್ಯಗಳ ಪತ್ರವೊಂದು ಅಚ್ಚಾಗಿತ್ತು. ಆಸ್ಪತ್ರೆಯಲ್ಲಿದ್ದಾಗ ಇಂಥ ಮದ್ದು ಪಡೆದ 11,882 ರೋಗಿಗಳಲ್ಲಿ ಚಟಕ್ಕೆ ಬಿದ್ದವರು ನಾಲ್ವರು ಮಾತ್ರ ಎಂದು ಅದು ಹೇಳಿತ್ತು. ಆಸ್ಪತ್ರೆಯ ಕಣ್ಗಾವಲಿನಲ್ಲಿ ನಡೆದದ್ದು, ಮನೆಯಲ್ಲಿ ತಿಂಗಳುಗಟ್ಟಲೆ ನುಂಗುವವರಿಗೆ ಅನ್ವಯಿಸುವುದಿಲ್ಲ. ಆದರೂ 600ಕ್ಕೂ ಹೆಚ್ಚು ಲೇಖನಗಳು ಆ ಪತ್ರವನ್ನು ಉಲ್ಲೇಖಿಸಿದವು. 1996ರಲ್ಲಿ ಪರ್ಡ್ಯೂ ಫಾರ್ಮಾ ಸಂಸ್ಥೆ ನಿಧಾನವಾಗಿ ಬಿಡುಗಡೆಯಾಗುವ ಆಕ್ಸಿಕೋಡೋನ್ ಮಾತ್ರೆಯನ್ನು ಆಕ್ಸಿಕಾಂಟಿನ್ ಎಂಬ ಹೆಸರಿನಲ್ಲಿ ತಂದು, ಚಟದ ಅಪಾಯ ಕಡಿಮೆಯೆಂದು ವೈದ್ಯರಲ್ಲಿ ಪ್ರಚಾರ ಮಾಡಿತು. ಆ ಮಾತ್ರೆಯನ್ನು ಪುಡಿಮಾಡಿದರೆ ಹನ್ನೆರಡು ಗಂಟೆಯ ಮದ್ದು ಒಂದೇ ಕ್ಷಣಕ್ಕೆ ಮೈಗೇರುತ್ತಿತ್ತು. ತಪ್ಪುದಾರಿಗೆಳೆಯುವ ಪ್ರಚಾರಕ್ಕಾಗಿ 2007ರಲ್ಲಿ ಅದರ ಅಂಗಸಂಸ್ಥೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. 2020ರಲ್ಲಿ ಪರ್ಡ್ಯೂ ಸಂಸ್ಥೆಯೇ ಮತ್ತೆ ಕ್ರಿಮಿನಲ್ ಆರೋಪಗಳನ್ನು ಒಪ್ಪಿಕೊಂಡಿತು. ಅಷ್ಟರಲ್ಲಿ ಮಾತ್ರೆ ಸಿಗದವರು ಹೆರಾಯಿನ್ನಿಗೂ, ಅನಂತರ ಕಳ್ಳಮಾಲಿನ ಫೆಂಟನಿಲ್‌ಗೂ ಇಳಿದಿದ್ದರು. 2021ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಈ ಕುಲದ ಪದಾರ್ಥಗಳಿಂದ ಸತ್ತವರು ಸುಮಾರು 80,000.

ನಮ್ಮ ದೇಶದ ಕಥೆ ಇದಕ್ಕೆ ತೀರ ವಿರುದ್ಧ. ಈಸ್ಟ್ ಇಂಡಿಯಾ ಕಂಪನಿ ಬಿಹಾರ, ಬನಾರಸ್ ಪ್ರಾಂತ್ಯಗಳ ರೈತರಿಂದ ಅಫೀಮು ಬೆಳೆಸಿ ಚೀನಕ್ಕೆ ಸಾಗಿಸಿ ಹಣಮಾಡಿತು. ಅದಕ್ಕಾಗಿ ಬ್ರಿಟಿಷರು ಚೀನದ ಮೇಲೆ ಎರಡು ಯುದ್ಧಗಳನ್ನೂ ಹೂಡಿದರು. ಆ ಕಾಲದ ಗಾಜಿಪುರದ ಕಾರ್ಖಾನೆ ಇಂದಿಗೂ ಸರ್ಕಾರದ ವಶದಲ್ಲಿದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಪರವಾನಗಿ ಪಡೆದ ರೈತರು ಬೆಳೆದ ಅಫೀಮು ಇಂದು ಔಷಧಕ್ಕಾಗಿ ಸರ್ಕಾರಕ್ಕೆ ಸೇರುತ್ತದೆ. ಜಗತ್ತಿಗೆ ಅಫೀಮು ಮಾರುವ ಈ ದೇಶದಲ್ಲಿಯೇ ರೋಗಿಗೆ ಮಾರ್ಫಿನ್ ಸಿಗದಾಯಿತು. 1985ರ ಮಾದಕದ್ರವ್ಯ ಕಾಯಿದೆ ಕನಿಷ್ಠ ಹತ್ತು ವರ್ಷಗಳ ಸೆರೆಯನ್ನು ವಿಧಿಸಿತು. ಆಸ್ಪತ್ರೆಯೊಂದು ಸ್ವಲ್ಪ ಮಾರ್ಫಿನ್ ತರಿಸಬೇಕಾದರೂ ಹಲವು ಇಲಾಖೆಗಳ ಪರವಾನಗಿಗಳು ಬೇಕಾದವು. ಒಂದರ ಅವಧಿ ಮುಗಿಯುವ ಹೊತ್ತಿಗೆ ಇನ್ನೊಂದು ಬರುತ್ತಿತ್ತು. ಔಷಧದಂಗಡಿಗಳು ಅದನ್ನು ಇಡುವುದನ್ನೇ ಬಿಟ್ಟವು. ದೇಶದ ಮಾರ್ಫಿನ್ ಬಳಕೆ ಹನ್ನೆರಡು ವರ್ಷಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಕುಸಿದು, 1997ರಲ್ಲಿ ಇಡೀ ದೇಶಕ್ಕೆ 18 ಕಿಲೋಗ್ರಾಂಗೆ ಇಳಿಯಿತು.

ಈ ಕತ್ತಲಲ್ಲಿ ದೀಪ ಹಚ್ಚಿದವರೂ ಇದ್ದರು. ಮುಂಬಯಿಯ ಬಾಂದ್ರಾದಲ್ಲಿ 1986ರಲ್ಲಿ ಶಾಂತಿ ಆವೇದನಾ ಆರೈಕೆಮನೆ ತೆರೆಯಿತು. ಕಲ್ಲಿಕೋಟೆಯಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ನೋವು ಹಾಗೂ ಉಪಶಾಮಕ ಆರೈಕೆಯ ಸಂಘವನ್ನು ಕಟ್ಟಿ, ಮನೆಬಾಗಿಲಿಗೆ ಮಾರ್ಫಿನ್ ತಲುಪಿಸುವ ದಾರಿ ತೋರಿಸಿದರು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ವಿಶ್ವಸ್ತ ಮಂಡಳಿಯ ಕರುಣಾಶ್ರಯವು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ಆರೈಕೆ ಮಾಡುತ್ತಿದೆ. ಇಂಥವರ ದೀರ್ಘ ಹೋರಾಟದಿಂದ 2014ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿತು. ಮಾರ್ಫಿನ್, ಕೋಡೀನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಹೈಡ್ರೋಕೋಡೋನ್ ಎಂಬ ಆರು ಮದ್ದುಗಳು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿದವು. ಮಾನ್ಯತೆ ಪಡೆದ ಆಸ್ಪತ್ರೆಗೆ ಈಗ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು. ಕಾನೂನಿನ ಬಾಗಿಲು ಹೀಗೆ ತೆರೆದರೂ ಮನಸ್ಸಿನ ಬಾಗಿಲು ಪೂರ್ತಿ ತೆರೆದಿಲ್ಲ. 2017ರಲ್ಲಿ ಪ್ರಕಟವಾದ ಲ್ಯಾನ್ಸೆಟ್ ಪತ್ರಿಕೆಯ ಆಯೋಗದ ವರದಿಯ ಪ್ರಕಾರ, ಭಾರತದಲ್ಲಿ ಅಗತ್ಯವಿರುವ ನೋವುನಿವಾರಣೆಯ ಸುಮಾರು ಶೇಕಡ 4 ಮಾತ್ರ ಪೂರೈಕೆಯಾಗುತ್ತಿತ್ತು.

ಮನೆಯಲ್ಲಿ ತಿಳಿದಿರಬೇಕಾದದ್ದು

ಪ್ರಿಯ ಓದುಗರೇ, ಚಟ ಮತ್ತು ಅವಲಂಬನೆ ಎರಡು ಬೇರೆ ಸಂಗತಿಗಳು. ಯಾವುದೇ ರೋಗಿ ಕೆಲವು ವಾರ ಮಾರ್ಫಿನ್ ಸೇವಿಸಿದರೆ ಅವನ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಮ್ಮೆಲೇ ನಿಲ್ಲಿಸಿದರೆ ನಡುಕ, ಬೆವರು, ಭೇದಿ ಕಾಣಿಸಿಕೊಳ್ಳುತ್ತವೆ. ಇದು ದೇಹದ ಅವಲಂಬನೆ. ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸಿದರೆ ಅದು ಹೋಗುತ್ತದೆ. ಕೆಡುಕಾಗುತ್ತಿದೆಯೆಂದು ತಿಳಿದರೂ ಬಿಡಲಾಗದೆ, ಮನೆ, ದುಡಿಮೆ, ಪ್ರಾರ್ಥನೆ ಎಲ್ಲವನ್ನೂ ಮರೆತು ಅದರ ಹಿಂದೆ ಓಡುವುದು ಚಟ. ಕ್ಯಾನ್ಸರಿನ ಕೊನೆಯ ದಿನಗಳಲ್ಲಿ ಸರಿಯಾಗಿ ಮದ್ದು ಪಡೆಯುವವರು ಚಟಕ್ಕೆ ಬೀಳುವುದು ವಿರಳ. ಚಟವೂ ಒಂದು ರೋಗವೇ. ಅದಕ್ಕೆ ಬ್ಯುಪ್ರೆನಾರ್ಫಿನ್, ಮೆಥಡೋನ್‌ಗಳಂಥ ಚಿಕಿತ್ಸೆ ಇದೆ. ಆ ಯುವಕನನ್ನು ಬೈದು ಹೊರಗಟ್ಟುವುದರಿಂದ ಅದು ವಾಸಿಯಾಗುವುದಿಲ್ಲ.

ವೈದ್ಯರು ಮಾರ್ಫಿನ್ ಬರೆದಿದ್ದರೆ ನೋವು ಏರುವವರೆಗೆ ಕಾಯದೆ ಹೇಳಿದ ಹೊತ್ತಿಗೆ ಸರಿಯಾಗಿ ಕೊಡಿ. ಮಲಬದ್ಧತೆ ತಪ್ಪದೆ ಬರುವುದರಿಂದ ಅದಕ್ಕೂ ಮದ್ದು ಕೇಳಿ ಪಡೆಯಿರಿ. ನಿಧಾನವಾಗಿ ಕರಗುವ ಗುಳಿಗೆಯನ್ನು ಪುಡಿಮಾಡಬೇಡಿ. ಮದ್ಯದೊಡನೆಯಾಗಲಿ, ವೈದ್ಯರಿಗೆ ತಿಳಿಸದೆ ನಿದ್ದೆ ಮಾತ್ರೆಯೊಡನೆಯಾಗಲಿ ಈ ಕುಲದ ಯಾವ ಮದ್ದನ್ನೂ ಬೆರೆಸಬೇಡಿ. ಉಸಿರು ನಿಲ್ಲುವುದು ಬಹುತೇಕ ಹಾಗೆಯೇ. ಟ್ರಮಡಾಲ್ ಮಾತ್ರೆಗಳಲ್ಲಿ ಅನೇಕ ವೇಳೆ ಪ್ಯಾರಸಿಟಮಾಲ್ ಸೇರಿರುತ್ತದೆ. ಜ್ವರಕ್ಕೆಂದು ಮತ್ತೆ ಅದನ್ನೇ ನುಂಗಿದರೆ ಯಕೃತ್ತಿಗೆ ಹಾನಿ. ಫೆಂಟನಿಲ್ ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಬಳಸಿ ತೆಗೆದ ಪಟ್ಟಿಯಲ್ಲಿಯೂ ಮಗುವಿನ ಪ್ರಾಣ ತೆಗೆಯುವಷ್ಟು ಮದ್ದು ಉಳಿದಿರಬಹುದು. ನಿಮಗೆ ಬರೆದುಕೊಟ್ಟದ್ದನ್ನು, ಪಾಪ, ನೋವಂತೆ, ಎಂದು ನೆರೆಮನೆಯವರಿಗೆ ಹಂಚಬೇಡಿ. ಕೊಲ್ಲಿಯ ದೇಶಗಳಿಗೆ ಹೋಗುವವರು ಕೋಡೀನ್, ಟ್ರಮಡಾಲ್ ಇರುವ ಮಾತ್ರೆಗಳನ್ನು ಅಲ್ಲಿಯ ಅನುಮತಿಯಿಲ್ಲದೆ ಒಯ್ಯಬಾರದು.

ನಾನು ಈಗ ರೋಗಿಗಳ ಮನೆಗೆ ಹೋದಾಗ ಪ್ರಾರ್ಥನೆಯ ಪುಸ್ತಕ ತೆರೆಯುವ ಮೊದಲು, ನೋವು ಹೇಗಿದೆ, ಮದ್ದು ಹೊತ್ತಿಗೆ ಸರಿಯಾಗಿ ಸಿಗುತ್ತಿದೆಯೇ ಎಂದು ಕೇಳುತ್ತೇನೆ. ನೋವು ತಗ್ಗಿದವರ ಕೈ ನನ್ನ ಕೈಯಲ್ಲಿ ಸಡಿಲವಾಗಿರುತ್ತದೆ. ಪರಮಪ್ರಸಾದವನ್ನು ಅವರು ನೆಮ್ಮದಿಯಿಂದ ಸ್ವೀಕರಿಸುತ್ತಾರೆ, ಪ್ರಾರ್ಥನೆಗೆ ದನಿಗೂಡಿಸುತ್ತಾರೆ, ದೂರದ ಮಗಳ ಬಗ್ಗೆ ಎರಡು ಮಾತಾಡುತ್ತಾರೆ. ಆ ಹಿರಿಯರಿಗೂ ಆ ಹನ್ನೊಂದು ದಿನ ಹಾಗೆ ಕಳೆಯಬಹುದಿತ್ತು. ಅವರ ಆತ್ಮಶಾಂತಿಗಾಗಿ ಬಲಿಪೂಜೆಯಲ್ಲಿ ಪ್ರಾರ್ಥಿಸುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ನಿಮ್ಮ ಮನೆಯಲ್ಲಿ ನರಳುವವರಿದ್ದರೆ, ಇಂದು ಸಂಜೆಯ ಜಪಮಾಲೆಗೆ ಕೂರುವ ಮೊದಲು ಒಮ್ಮೆ ಬೀರುವಿನ ಮೇಲೆ ನೋಡಿ.